ಇವತ್ತು ನೀರು ಸರಿಯಿಲ್ಲ ಮಾರಾಯ್ರೆ

ನಿಜ ಹೇಳಿ, ಆ ಉದ್ದದ ಪಾರ್ಸೆಲ್ ಎಲ್ಲಿಟ್ಟಿದ್ದೀರಿ? ಬೀರು ಹಿಂದೆಯಾ, ಮಂಚದ ಕೆಳಗಾ? ಡೆಲಿವರಿ ಹುಡುಗ ಬಂದಾಗ ಮನೆಯಲ್ಲಿ 'ಕರ್ಟನ್ ರಾಡ್' ಅಂದ್ರಂತೆ. (ರಾಡ್ ಅನ್ನೋದಂತೂ ಸುಳ್ಳಲ್ಲ ಬಿಡಿ, ಅರ್ಧ ಪಾಪ ಕಳೀತು.) ಬಿಲ್ಲಿನಲ್ಲಿರೋ ರೇಟು ಒಂದು, ಮನೆಯಲ್ಲಿ ಹೇಳಿದ ರೇಟು ಇನ್ನೊಂದು. ಎರಡರ ನಡುವೆ ಎಷ್ಟು ಸೊನ್ನೆ ವ್ಯತ್ಯಾಸ ಅಂತ ನಾನು ಕೇಳಲ್ಲ, ನೀವೂ ಹೇಳಬೇಡಿ.

ನವೆಂಬರ್ ಬಂತು ಅಂದ್ರೆ ನೀವು ಫೋನ್ ನೋಡೋ ವೈಖರಿಯೇ ಬದಲಾಗುತ್ತೆ. ಆಫೀಸಿನ ಮೀಟಿಂಗ್ ನಡೀತಾ ಇರುತ್ತೆ, ನಿಮ್ಮ ಮೈಕು ಮ್ಯೂಟು, ಪಕ್ಕದ ಟ್ಯಾಬಿನಲ್ಲಿ ಯಾವನೋ ಹೊನ್ನಾವರದ ಹೊಳೆಯಲ್ಲಿ ಕೆಂಬೇರಿ ಮೀನು ಎತ್ತಿ ಹಿಡಿದು ಹಲ್ಲು ಕಿರಿದಿರ್ತಾನೆ. ಮ್ಯಾನೇಜರ್ 'ಏನಂತೀರಿ?' ಅಂತ ಕೇಳಿದ್ರೆ 'ಮೂರು ಕೆಜಿ ಇರಬಹುದು ಸಾರ್' ಅಂದುಬಿಡೋ ಅಪಾಯ. ಹೌದೋ ಅಲ್ವೋ?

ಆಮೇಲೆ ಪ್ಯಾಕಿಂಗು. ಚಳಿಗಾಲದ ಟ್ರಿಪ್ ಅಂತ ಜಾಕೆಟ್ ಬೇರೆ ತುಂಬಿಸ್ತೀರಿ. ಸ್ವಾಮೀ, ಕುಂದಾಪುರದ ಚಳಿಗಾಲ ಅಂದ್ರೆ ಬೆವರೋದು ಸ್ವಲ್ಪ ತಡವಾಗಿ ಶುರುವಾಗುತ್ತೆ ಅಂತ, ಅಷ್ಟೇ. ಬೆಳಗಿನ ಜಾವ ಒಂದಿಷ್ಟು ತಣ್ಣಗಿನ ಗಾಳಿ, ಹತ್ತು ಗಂಟೆಗೆಲ್ಲ ನಿಮ್ಮ ಜಾಕೆಟ್ ಕಾರಿನ ಡಿಕ್ಕಿಯಲ್ಲಿ.

ಆದ್ರೂ ಕಾಲ ಮಾತ್ರ ನೀವು ಸರಿಯಾಗೇ ಆರಿಸಿದ್ದೀರಿ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯೋ ಕೆಂಪು ನೀರಿನಲ್ಲಿ ಮೀನಿಗೆ ನಿಮ್ಮ ಬಣ್ಣದ ಪ್ಲಾಸ್ಟಿಕ್ ಲೂರ್ ಕಾಣೋದಾದ್ರೂ ಹೇಗೆ? ಕಡಲೂ ಕೆರಳಿರುತ್ತೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೇ ನಿಷೇಧ. ಮಳೆ ಪೂರ್ತಿ ಹಿಂದೆ ಸರಿದಮೇಲೆ ಹೊಳೆ ತಿಳಿಯಾಗುತ್ತೆ, ಉಪ್ಪುನೀರು ಅಳಿವೆ ದಾಟಿ ಒಳಗೊಳಗೆ ಏರುತ್ತೆ. ಉಪ್ಪುನೀರಿನ ಹಿಂದೆ ಸಿಗಡಿ, ಸಿಗಡಿ ಹಿಂದೆ ಕುರುಡಿ ಮೀನು, ಕುರುಡಿ ಹಿಂದೆ ನೀವು. (ನಿಮ್ಮ ಹಿಂದೆ ಇಎಂಐ.)

ಈಗ ಆ ಪಾರ್ಸೆಲ್ ಬಿಚ್ಚೋಣ. ಸ್ಪಿನ್ನಿಂಗ್ ರಾಡ್ ತಾನೆ? ಒಳ್ಳೇದಾಯ್ತು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಆಲ್ಫ್ರೆಡ್ ಇಲಿಂಗ್‌ವರ್ತ್ ಅಂತ ಒಬ್ಬರು ಉಣ್ಣೆ ಗಿರಣಿ ಸಾಹುಕಾರರಿದ್ದರು. ಗಿರಣಿಯಲ್ಲಿ ಕಂಡಿಕೆ ನಿಂತಲ್ಲೇ ನಿಂತು, ನೂಲು ಮಾತ್ರ ಅದರ ತುದಿಯಿಂದ ಜಾರಿಕೊಂಡು ಹೋಗುತ್ತಲ್ಲ, ಅದೇ ಉಪಾಯವನ್ನ ಮೀನಿನ ರೀಲಿಗೆ ಹಾಕಿ 1905ರಲ್ಲಿ ಪೇಟೆಂಟ್ ತಗೊಂಡರು. ಆ ಪುಣ್ಯಾತ್ಮನ ದಯೆ, ಇವತ್ತು ನೀವು ಹತ್ತು ನಿಮಿಷ ಕಲಿತು ಇಪ್ಪತ್ತು ಗ್ರಾಂ ಲೂರನ್ನ ಆರಾಮಾಗಿ ದೂರಕ್ಕೆ ಎಸೀತೀರಿ, ದಾರ ಗಂಟಾಗಲ್ಲ. (ಬ್ರೇಡ್ ಲೈನನ್ನ ರೀಲಿನ ಅಂಚಿನ ತನಕ ಸುತ್ತಿದ್ರೆ ಗಂಟೂ ಆಗುತ್ತೆ. ನೀವು ಸುತ್ತಿದ್ದೀರಿ, ನನಗೆ ಗೊತ್ತು.)

ಆದ್ರೆ ಪಾರ್ಸೆಲ್ಲಿನಲ್ಲಿ ಎರಡನೇ ರಾಡೂ ಇದೆಯಲ್ಲ? ಮರೆಮಾಚಬೇಡಿ. ಫ್ಲೈ ರಾಡ್! ಒಂಬತ್ತು ಅಡಿ, ಎಂಟು ವೇಟ್. ಯಾವುದೋ ವಿಡಿಯೋದಲ್ಲಿ ಗಡ್ಡದ ಮನುಷ್ಯನೊಬ್ಬ ಮೊಣಕಾಲುದ್ದ ನೀರಲ್ಲಿ ನಿಂತು ಗಾಳಿಯಲ್ಲಿ ದಾರದ ಅಲೆ ಬರೆದಿದ್ದೇ ಬರೆದಿದ್ದು, ನೀವು ಕಾರ್ಡ್ ತೆಗೆದಿದ್ದೇ ತೆಗೆದಿದ್ದು.

ಫ್ಲೈ ರಾಡಿನ ಲೆಕ್ಕಾಚಾರ ಪೂರ್ತಿ ಉಲ್ಟಾ. ಸ್ಪಿನ್ನಿಂಗ್‌ನಲ್ಲಿ ಲೂರಿನ ತೂಕ ದಾರವನ್ನ ಎಳೆದುಕೊಂಡು ಹೋಗುತ್ತೆ. ಫ್ಲೈಯಲ್ಲಿ ತುದಿಗೆ ಕಟ್ಟಿದ ಫ್ಲೈಗೆ ತೂಕವೇ ಇಲ್ಲ ಅನ್ನಿ, ಹುಕ್ಕಿಗೆ ಸುತ್ತಿದ ಒಂದು ಚಿಟಿಕೆ ಕೂದಲು ಅದು. ತೂಕ ಇರೋದು ದಪ್ಪನೆ ದಾರಕ್ಕೆ, ಹೋಗೋದೂ ದಾರವೇ. ಹಾಗಾಗಿ ಎಸೆಯೋಕೆ ತೋಳಿನ ಬಲ ಸಾಲದು. ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೆಟ್ಟಗಾಗೋ ತನಕ ಕಾದು, ಆಮೇಲೆ ಮುಂದಕ್ಕೆ ತಳ್ಳಬೇಕು. ಆ ಅರೆಕ್ಷಣ ಕಾಯೋ ತಾಳ್ಮೆ ಇದೆಯಲ್ಲ, ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಮ್ಮನ್ನ ನೋಡಿದವರಿಗೆ ಗೊತ್ತು, ಅದು ನಿಮ್ಮ ಹತ್ರ ಇಲ್ಲ.

ಅಪಾರ್ಟ್‌ಮೆಂಟ್ ಪಾರ್ಕಿನಲ್ಲಿ ಪ್ರಾಕ್ಟೀಸ್ ಮಾಡಿದ್ರಂತಲ್ಲ? ಹುಕ್ಕು ಮುರಿದು ಬರೀ ಉಲ್ಲನ್ ಎಳೆ ಕಟ್ಟಿ? ಹೊಂಗೆ ಮರದಲ್ಲಿ ಎರಡು ಎಳೆ ಇನ್ನೂ ನೇತಾಡ್ತಿದೆ. ಕೆಳಗಿನ ಫ್ಲೋರಿನ ಹುಡುಗಿ ಬಂದು 'ಅಂಕಲ್, ಗಾಳಿಪಟ ಎಲ್ಲಿ?' ಅಂತ ಕೇಳಿದ್ದಕ್ಕೆ ನೀವು ಏನೂ ಉತ್ತರ ಕೊಡಲಿಲ್ಲವಂತೆ. ಪಾಪ, ಮಗು ಸರಿಯಾಗೇ ಕೇಳಿತ್ತು.

ಫ್ಲೈಗಳ ಡಬ್ಬಿಯನ್ನಂತೂ ದೇವರ ಪೆಟ್ಟಿಗೆ ತರ ತೆಗೀತೀರಿ. ಅದರಲ್ಲಿ ಕ್ಲೌಸರ್ ಮಿನ್ನೋ ಇದ್ದೇ ಇರುತ್ತೆ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1987ರಲ್ಲಿ ಕಟ್ಟಿದ್ದು, ಅದೂ ಸಿಹಿನೀರಿನ ಮೀನಿಗೆ. ತಲೆಯ ಹತ್ರ ಲೋಹದ ಎರಡು ಗುಂಡು ಕಣ್ಣು, ಎಳೆದು ಬಿಟ್ಟರೆ ಮೂತಿ ಕೆಳಗೆ ಮಾಡಿ ಮುಳುಗುತ್ತೆ. ಆಮೇಲೆ ಪ್ರಪಂಚದ ಉಪ್ಪುನೀರಿನವರೆಲ್ಲ ಅದನ್ನ ತಮ್ಮದು ಮಾಡಿಕೊಂಡರು.

ಪಕ್ಕದ ಖಾನೆಯಲ್ಲಿ ಲೆಫ್ಟೀಸ್ ಡಿಸೀವರ್. ಲೆಫ್ಟಿ ಕ್ರೇ ಅನ್ನೋ ಅಮೆರಿಕದ ಗಾಳ ಮಾಂತ್ರಿಕನ ಕೈಚಳಕ. 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಆ ಫ್ಲೈಯ ಚಿತ್ರ ಹಾಕಿ 29 ಸೆಂಟಿನ ಸ್ಟ್ಯಾಂಪ್ ತಂತು. ಮೀನಿಗೆ ಮಾಡೋ ಮೋಸಕ್ಕೂ ಸರ್ಕಾರಿ ಗೌರವ! ನಿಮ್ಮ ಕರ್ಟನ್ ರಾಡ್ ಕಥೆಗೂ ಒಂದು ಸ್ಟ್ಯಾಂಪ್ ಸಿಗಬೇಕಿತ್ತು.

ಇದೆಲ್ಲ ಮೊನ್ನೆ ಮೊನ್ನೆ ಬಂದ ಶೋಕಿ ಅಂತ ನಿಮ್ಮ ಮಾವನವರು ಗೊಣಗಿದ್ರೆ ಒಂದು ಮಾತು ಹೇಳಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅನ್ನೋ ದೊರೆ 'ದಿ ರಾಡ್ ಇನ್ ಇಂಡಿಯಾ' ಅಂತ ಗಾಳದ ಬಗ್ಗೆಯೇ ದಪ್ಪ ಪುಸ್ತಕ ಬರೆದು, 1873ರಲ್ಲಿ ಮಂಗಳೂರಿನಲ್ಲೇ ಹೊರತಂದಿದ್ದರು. ಜಿಲ್ಲೆಯ ಕಂದಾಯ ನೋಡ್ಕೊಂಡೂ ಅಷ್ಟು ಬರೆಯೋಕೆ ಟೈಮ್ ಸಿಕ್ಕಿತ್ತು ನೋಡಿ. (ಅವರ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಇರಲಿಲ್ಲ ಅಂತ ನೀವು ಹೇಳೋದು ಕೇಳಿಸ್ತು.)

ಸರಿ, ಅಸಲು ವಿಷಯಕ್ಕೆ ಬರೋಣ. ಬರಿಗೈಲಿ ವಾಪಸ್ ಬಂದಾಗ ನೀವು ಕಾರಣ ಕೊಡ್ತೀರಲ್ಲ? ಗಾಳಿ ಸರಿಯಿರಲಿಲ್ಲ, ನೀರು ನಿಂತುಬಿಟ್ಟಿತ್ತು, ಚಂದ್ರ ಅಡ್ಡ ಬಂದ. ಮನೆಯವರೆಲ್ಲ ಅದನ್ನ ಸುಳ್ಳು ಅಂದ್ಕೊಂಡಿದ್ದಾರೆ. ನಾನು ನಿಮ್ಮ ಪರ ಸಾಕ್ಷಿ ಹೇಳ್ತೀನಿ, ಅಷ್ಟೂ ಸತ್ಯ. ಎಡವಟ್ಟು ಎಲ್ಲಿ ಅಂದ್ರೆ, ಅಷ್ಟೂ ಹಿಂದಿನ ದಿನವೇ ಗೊತ್ತಾಗುವಂಥವು.

ಗಾಳಿಯನ್ನೇ ತಗೊಳ್ಳಿ. ಈ ಕಾಲದಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಕಡಲು ಬೆಚ್ಚಗೇ ಇರುತ್ತೆ, ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ಪಡುವಣಕ್ಕೆ ಮುಖ ಮಾಡಿ ನಿಂತ್ರೆ ಗಾಳಿ ಬೆನ್ನಿಗೆ. ಬಿಸಿಲೇರಿ ನೆಲ ಕಾದಮೇಲೆ ಗಾಳಿಯೂ ತಿರುಗಿ ಕಡಲಿನಿಂದ ಮುಖಕ್ಕೇ ಹೊಡೆಯುತ್ತೆ. ಆಗ ಫ್ಲೈ ಎಸೆದ್ರೆ ಹೋಗಿ ಕೂರೋದು ಎಲ್ಲಿ? ನಿಮ್ಮ ಕಿವಿಯ ಮೇಲೆ.

ಅಂದ್ರೆ ಫ್ಲೈ ರಾಡ್ ಆಟ ಬೆಳಕು ಹರಿಯುವಾಗ. ನೀವು ನೀರಿಗಿಳಿದಿದ್ದು ಎಷ್ಟೊತ್ತಿಗೆ? ಹೋಮ್‌ಸ್ಟೇಯ ಅಮ್ಮ ನೀರುದೋಸೆ ಹಾಕಿದ್ರು, ಮೇಲೆ ಬಂಗುಡೆ ಪುಳಿಮುಂಚಿ, ಇನ್ನೆರಡು ಹಾಕ್ತೇನೆ ಅಂದ್ರು, ನೀವು ಬೇಡ ಅನ್ನಲಿಲ್ಲ. ಹೊರಗೆ ಬಂದಾಗ ತೆಂಗಿನ ಗರಿಗಳೆಲ್ಲ ಆಚೆ ಮುಖ ಬಿಟ್ಟು ಈಚೆ ಮುಖ ಮಾಡಿದ್ವು. ಗಾಳಿ ಸರಿಯಿರಲಿಲ್ಲ ಅಂತೀರಿ. ಅದೂ ನಿಜವೇ.

ಇನ್ನು ನೀರು. ಅಜ್ಜಿ ಕನ್ನಡಕ ಏರಿಸಿ ಪಂಚಾಂಗ ನೋಡಿದಾಗ ನೀವು ನಕ್ಕಿದ್ದು ನೆನಪಿದೆಯಾ? ಈಗ ಅದೇ ಪಂಚಾಂಗ ಗೋಡೆಯಿಂದ ಇಳಿಸಿ ತಿಥಿ ಹುಡುಕ್ತಿದ್ದೀರಿ. ಹುಡುಕಲೇಬೇಕು ಸ್ವಾಮೀ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಸೂರ್ಯ ಚಂದ್ರ ಇಬ್ಬರೂ ಒಂದೇ ಸಾಲಿನಲ್ಲಿ ಎಳೀತಾರೆ, ಉಬ್ಬರ ಜೋರು, ಇಳಿತವೂ ಜೋರು. ಅಷ್ಟಮಿ ಹೊತ್ತಿಗೆ ಒಬ್ಬ ಒಂದು ಕಡೆ, ಇನ್ನೊಬ್ಬ ಇನ್ನೊಂದು ಕಡೆ, ನೀರು ಏರೋದೂ ಇಲ್ಲ ಇಳಿಯೋದೂ ಇಲ್ಲ ಅನ್ನೋ ಹಾಗೆ ಸೋಮಾರಿ ಆಗುತ್ತೆ. ನೀರು ಹರೀದೆ ಸಿಗಡಿ ಕದಲಲ್ಲ, ಸಿಗಡಿ ಕದಲದೆ ದೊಡ್ಡ ಮೀನು ಬಾಯಿ ತೆರೆಯಲ್ಲ.

ಆದ್ರೆ ನೀವು ರಜೆ ಹಾಕಿದ್ದು ಯಾವ ಪಂಚಾಂಗ ನೋಡಿ? ಎಚ್‌ಆರ್ ಕಳಿಸಿದ ಹಾಲಿಡೇ ಲಿಸ್ಟ್. ಕ್ರಿಸ್‌ಮಸ್, ಅದಕ್ಕೆ ಶನಿವಾರ ಭಾನುವಾರ ಅಂಟಿಸಿ, ನಡುವೆ ಒಂದು ಕ್ಯಾಶುವಲ್ ಲೀವ್. ಚಂದ್ರನಿಗೆ ಲಾಂಗ್ ವೀಕೆಂಡ್ ಅಂದ್ರೇನು ಅಂತ ಇನ್ನೂ ಯಾರೂ ಹೇಳಿಕೊಟ್ಟಿಲ್ಲ.

ಇದಕ್ಕಿಂತ ಮಜಾ ಇನ್ನೊಂದಿದೆ, ಹತ್ರ ಬನ್ನಿ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹಾಕ್ತಾನೆ: 'ಶನಿವಾರ ಬೆಳಿಗ್ಗೆ ಆರಕ್ಕೆ ಕೋಡಿ ಬ್ರೇಕ್‌ವಾಟರ್, ಸೂಪರ್ ಆಕ್ಷನ್.' ನೀವು ರಾತ್ರಿಯೆಲ್ಲ ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸಿ ಮುಂದಿನ ಶನಿವಾರ ಸರಿಯಾಗಿ ಬೆಳಿಗ್ಗೆ ಆರಕ್ಕೆ ಅದೇ ಬಂಡೆ ಮೇಲೆ ನಿಲ್ತೀರಿ. ಮೀನು ನಾಪತ್ತೆ. ಯಾಕೆ ಗೊತ್ತಾ?

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಉಬ್ಬರದಿಂದ ಇಳಿತಕ್ಕೂ ಆರು ಚಿಲ್ಲರೆ ಗಂಟೆಯೇ. ಅಂದ್ರೆ ಅವನು ನಿಂತಾಗ ನೀರು ಏರ್ತಾ ಇದ್ದಿದ್ರೆ, ವಾರ ಬಿಟ್ಟು ಅದೇ ಹೊತ್ತಿಗೆ ನೀವು ನಿಂತಾಗ ನೀರು ಇಳೀತಾ ಇರುತ್ತೆ! ಬೇಕಂತಲೇ ಕೆಟ್ಟ ಹೊತ್ತು ಹುಡುಕಿದ್ರೂ ಇಷ್ಟು ಕರಾರುವಾಕ್ಕಾಗಿ ಸಿಕ್ತಿರಲಿಲ್ಲ. ಎರಡು ವಾರ ಬಿಟ್ಟು ಹೋಗಿದ್ರೆ ಬಹುಮಟ್ಟಿಗೆ ಅದೇ ನೀರು ಸಿಗ್ತಿತ್ತು. ಆದ್ರೆ ಎರಡು ವಾರ ಕಾಯೋದಾ? ನೀವಾ?

ಬಂಡೆಯ ಮೇಲೆ ನೀವು ಹೊಸ ಲೂರ್ ಬದಲಾಯಿಸ್ತಾನೇ ಇದ್ದೀರಿ. ಬಲೆ ತೊಳೆಯೋಕೆ ಬಂದವರೊಬ್ಬರು ಒಂದು ಗಳಿಗೆ ನೋಡಿ ಹೇಳ್ತಾರೆ, 'ಹ್ವಾಯ್, ನೀರ್ ತಿರ್ಗುಕೆ ಇನ್ನ್ ಎರಡ್ ಗಂಟೆ ಇತ್ತ್ ಮಾರಾಯ್ರೆ. ಹೋಯಿ ಚಾ ಕುಡ್ಕಂಡ್ ಬನ್ನಿ.' ನೀವು ನಕ್ಕು 'ಪರವಾಗಿಲ್ಲ' ಅಂತೀರಿ. ಬೆಂಗಳೂರಿನಿಂದ ಬಂದವರಿಗೆ ಚಾ ಕುಡಿಯೋಕೆ ಪುರುಸೊತ್ತಿಲ್ಲ. (ಆ ಬಂಡೆಗಳ ಮೇಲೆ ಪಾಚಿ, ಚಿಪ್ಪು ಎರಡೂ ಇರುತ್ತೆ, ಹವಾಯಿ ಚಪ್ಪಲಿ ಬಿಟ್ಟು ಒಳ್ಳೆ ಗ್ರಿಪ್ಪಿನ ಶೂ ಹಾಕ್ಕೊಳ್ಳಿ. ಇದೊಂದು ತಮಾಷೆಯಲ್ಲ.)

ಈಗ ಬಂಡೆ ಬಿಟ್ಟು ಹೊಳೆಗೆ ಬಂದಿರಿ, ಉಬ್ಬರ ಮುಗಿದು ನೀರು ತಿರುಗಿತು ಅಂತಲೇ ಇಟ್ಕೊಳ್ಳಿ. ಕುರುಡಿ ಎಲ್ಲಿ ಕಾಯುತ್ತೆ? ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ತೋಡುಗಳ ಬಾಯಲ್ಲಿ. ಇಳಿತ ಶುರುವಾದಮೇಲೆ ಒಳಗೆ ಸೇರಿದ್ದ ಸಿಗಡಿ, ಮರಿಮೀನು ಎಲ್ಲ ಆ ಬಾಯಿಯಿಂದಲೇ ಹೊರಗೆ ಬರಬೇಕು. ಕುರುಡಿ ಬಂಡೆಯ, ಕಂಬದ, ಬಿದ್ದ ಮರದ ಮರೆಯಲ್ಲಿ ಅಲುಗಾಡದೆ ನಿಂತಿರುತ್ತೆ. ಬೇಟೆ ಎದುರಿಗೆ ಬಂದ ತಕ್ಷಣ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತೆ, 'ಟಪ್' ಅಂತ ಸದ್ದು. ಆ ಸದ್ದು ಒಮ್ಮೆ ಕೇಳಿದವರು ಆಮೇಲೆ ನೆಟ್ಟಗೆ ಕೆಲಸ ಮಾಡಿದ್ದು ನಾನಂತೂ ಕಂಡಿಲ್ಲ.

ನೀವು ಎಸೀಬೇಕಾದ್ದು ಆ ಗಿಡದ ಬುಡಕ್ಕೆ, ಒಂದು ಗೇಣು ಅಂತರದಲ್ಲಿ. ಎಸೆಯೋದು ಮಾತ್ರ ಹೊಳೆ ಮಧ್ಯಕ್ಕೆ! ಯಾಕಂದ್ರೆ ದೂರ ಹೋಯ್ತು ಅಂತ ಖುಷಿ. ಬ್ರೋಶರ್‌ನಲ್ಲಿ ಎಂಬತ್ತು ಮೀಟರ್ ಅಂತ ಬರೆದಿದ್ದಾರೆ, ಎಂಬತ್ತೂ ವಸೂಲಾಗಬೇಕು. ಮೀನು ನಿಮ್ಮ ಕಾಲಿನಿಂದ ಆರು ಮೀಟರ್ ದೂರದಲ್ಲಿ ನಿಂತು ನಿಮ್ಮ ಕ್ಯಾಸ್ಟಿಂಗ್ ನೋಡ್ತಾ ಇರುತ್ತೆ.

ಹೊಳೆ ಮಧ್ಯದಲ್ಲಿ ನಿಮಗಾಗಿ ಕಾಯ್ತಿರೋದು ಬೇರೆ ಗಿರಾಕಿ, ಹೊಟ್ಟೆ ಉಬ್ಬಿಸೋ ಪಫರ್ ಮೀನು. ಅದರ ಹಲ್ಲು ಕತ್ತರಿಗೆ ಸಮ. ಮೀನಿನ ಹಾಗೆ ಬಾಲ ಆಡಿಸೋ ಆ ದುಬಾರಿ ಸಾಫ್ಟ್ ಪ್ಲಾಸ್ಟಿಕ್ಕಿನ ಬಾಲವನ್ನೇ ನಾಜೂಕಾಗಿ ಕತ್ತರಿಸಿಕೊಂಡು ಹೋಗುತ್ತೆ. ನೀವು ಮೊಂಡು ಲೂರನ್ನ ಎತ್ತಿ ಹಿಡಿದು 'ಭಾರೀ ಮೀನು ಕಣ್ರೀ, ತಪ್ಪಿಸ್ಕೊಂತು' ಅಂತೀರಿ. ಅಂಗೈಯಗಲದ ಮೀನು ಅದು.

ಒಂದು ವೇಳೆ ಕುರುಡಿ ಸಿಕ್ಕೇ ಸಿಕ್ತು ಅನ್ನಿ, ಕಿವಿರಿನ ಮುಚ್ಚಳಕ್ಕೆ ಬೆರಳು ಹಾಕಬೇಡಿ, ಬ್ಲೇಡ್ ಇದ್ದ ಹಾಗೆ ಕುಯ್ಯುತ್ತೆ. ಇನ್ನೊಂದು ವಿಷಯ. ಕುರುಡಿ ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದು ಗಾತ್ರ ಬಂದಮೇಲೆ ಹೆಣ್ಣಾಗುತ್ತೆ. ಹೋದ ವರ್ಷ ನೀವು ಫೋಟೋ ಹಾಕಿ 'ಹಿಡಿದೆ ನೋಡಿ, ಹೊಳೆಯ ಗಂಡೆದೆಯ ರಾಜ' ಅಂತ ಬರೆದಿದ್ರಲ್ಲ? ರಾಣಿ ಅವರು. ಲಕ್ಷಗಟ್ಟಲೆ ಮೊಟ್ಟೆ ಇಡೋವ್ರು. ಅಂಥವರನ್ನ ನೀರಿಗೆ ಬಿಡೋದೇ ಲಾಭ.

ಫ್ಲೋರಿಡಾದಲ್ಲಿರೋ ನಿಮ್ಮ ಭಾವಮೈದುನ ನೆಪ ಹೇಳೋ ವಿಷಯದಲ್ಲಿ ಅದೃಷ್ಟವಂತ. ಅಲ್ಲಿನ ಸ್ನೂಕ್ ಮೀನು ನಮ್ಮ ಕುರುಡಿಗೆ ದಾಯಾದಿ, ಹಿಂದೆ ಎರಡನ್ನೂ ಒಂದೇ ಕುಟುಂಬದಲ್ಲಿ ಸೇರಿಸಿದ್ದರು. ಆದ್ರೆ ಅಲ್ಲಿ ಚಳಿಗಾಲ ನಿಜವಾದ ಚಳಿಗಾಲ. ನೀರು ತೀರಾ ತಣ್ಣಗಾದ್ರೆ ಸ್ನೂಕ್ ಮರಗಟ್ಟಿಹೋಗುತ್ತೆ. 2010ರ ಜನವರಿ ಚಳಿಗೆ ಎಷ್ಟು ಸತ್ತವು ಅಂದ್ರೆ ಸರ್ಕಾರ ಸ್ನೂಕ್ ಹಿಡಿದು ಇಟ್ಟುಕೊಳ್ಳೋದನ್ನೇ ನಿಲ್ಲಿಸಬೇಕಾಯ್ತು. ಹಾಗಾಗಿ ಅವನು 'ಮೀನಿಗೆ ಚಳಿ' ಅಂದ್ರೆ ಒಪ್ಪಬಹುದು. ಮರವಂತೆಯಲ್ಲಿ ನಿಂತು ನೀವೂ ಅದನ್ನೇ ಹೇಳಿದ್ರೆ ಹೇಗೆ?

ಸಸ್ಯಾಹಾರಿಗಳೇ, ಹಿಂದಿನ ಬೆಂಚಿನಲ್ಲಿ ನಗಬೇಡಿ, ನಿಮ್ಮನ್ನ ಮರೆತಿಲ್ಲ. ಮನೆಯಲ್ಲಿ ಮೊಟ್ಟೆ ತರೋ ಹಾಗಿಲ್ಲ, ಕೈಯಲ್ಲಿ ಮಾತ್ರ ಎಂಟು ವೇಟ್ ರಾಡ್. ಕ್ಯಾಚ್ ಅಂಡ್ ರಿಲೀಸ್ ಅನ್ನೋ ಪದ್ಧತಿ ನಿಮಗೋಸ್ಕರವೇ ಹುಟ್ಟಿದ ಹಾಗಿದೆ. ಮಾಡೋದಾದ್ರೆ ನೆಟ್ಟಗೆ ಮಾಡಿ. ಹುಕ್ಕಿನ ಮುಳ್ಳು ಮೊದಲೇ ಚಪ್ಪಟೆ ಮಾಡಿ, ಕೈ ಒದ್ದೆ ಮಾಡ್ಕೊಂಡು ಹಿಡೀರಿ (ಒಣ ಕೈಗೆ ಮೀನಿನ ಮೈಲೋಳೆ ಅಂಟಿ ಬರುತ್ತೆ), ಒಂದು ಫೋಟೋ, ನೀರಿಗೆ. ನೀವು ಏಳು ಆ್ಯಂಗಲ್ ತೆಗೆಸೋ ಹೊತ್ತಿಗೆ ಅದು ವೈಕುಂಠಕ್ಕೆ ಹತ್ತಿರ.

ಆ ಫೋಟೋನಾದ್ರೂ ಎಂಥದ್ದು! ತೋಳು ಎರಡೂ ಕ್ಯಾಮೆರಾ ಕಡೆ ಪೂರ್ತಿ ಚಾಚಿ, ದೇಹ ಹಿಂದಕ್ಕೆ ಬಾಗಿಸಿ. ಎರಡು ಕೆಜಿ ಮೀನು ಆರು ಕೆಜಿ ಕಾಣುತ್ತೆ, ಸರಿ. ಆದ್ರೆ ನಿಮ್ಮ ಹೆಬ್ಬೆರಳೂ ಬಾಳೆಹಣ್ಣಿನಷ್ಟು ದೊಡ್ಡದಾಗಿರೋದನ್ನ ಯಾರೂ ಗಮನಿಸಲ್ಲ ಅಂದ್ಕೊಂಡಿದ್ದೀರಾ?

ಏನೂ ಸಿಗದವರ ಕಥೆ ಮಲ್ಪೆ ಮಾರ್ಕೆಟ್ಟಿನಲ್ಲಿ ಮುಗಿಯುತ್ತೆ. ಐಸ್ ಹಾಕಿಸಿ, ಡಬ್ಬಿಗೆ ಟೇಪ್ ಹಚ್ಚಿಸಿ, ಒಂದು ದೊಡ್ಡ ಅಂಜಲ್ ತಂದು 'ಕಾಂಡ್ಲಾ ತೋಡಿನಲ್ಲಿ ಹಿಡಿದದ್ದು' ಅಂತ ಅಡುಗೆಮನೆಯಲ್ಲಿ ಇಟ್ಟಿರಿ. ಹೆಂಡತಿ ಉಡುಪಿ ಕಡೆಯವರು ಅನ್ನೋದು ಮರೆತಿದ್ರಿ. 'ಅಂಜಲ್ ಕಡಲು ಬಿಟ್ಟು ತೋಡಿಗೆ ಯಾವಾಗಿಂದ ಬರೋಕೆ ಶುರು ಮಾಡ್ತು? ಅದಿರಲಿ, ಸ್ಲೈಸ್ ಆಗಿಯೇ ಗಾಳಕ್ಕೆ ಬಿತ್ತಾ?' ಇದಕ್ಕೆ ಉಬ್ಬರ ಇಳಿತದ ಲೆಕ್ಕ ಹೇಳಿ ಪಾರಾಗೋಕೆ ಆಗಲ್ಲ.

ಸದ್ಯಕ್ಕೆ ತಲೆ ತಪ್ಪಿಸ್ಕೊಳ್ಳೋಕೆ ಒಂದು ಕೆಲಸ ಉಳಿದಿದೆ, ರೀಲ್ ತೊಳೆಯೋದು. ಉಪ್ಪು ಯಾವ ಬ್ರ್ಯಾಂಡನ್ನೂ ಬಿಡಲ್ಲ. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನ ಮೆಲ್ಲಗೆ ಸುರಿದು (ಪೈಪಿನಲ್ಲಿ ಜೋರಾಗಿ ಹೊಡೆದ್ರೆ ಉಪ್ಪು ಒಳಗೇ ಹೋಗಿ ಕೂರುತ್ತೆ), ಒರೆಸಿ, ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ಒಣಗಿಸಿ. ಮಗುವಿಗೆ ಸ್ನಾನ ಮಾಡಿಸೋಕೆ ಸೊಂಟ ನೋವು ಅನ್ನೋ ನೀವು ಇದನ್ನ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಒಂದು ತಾಸು ಮಾಡ್ತೀರಂತೆ, ಹೌದಾ?

ಮತ್ತೆ ಸೋಮವಾರ. ಆಫೀಸಿಗೆ ಏನಂತ ಮೆಸೇಜ್ ಹಾಕಿದ್ರಿ? ಜ್ವರ, ಮನೆಯಿಂದಲೇ ಲಾಗಿನ್ ಆಗ್ತೀನಿ ಅಂತ ತಾನೆ? ಹಾಗಾದ್ರೆ ಕ್ಯಾಮೆರಾ ಮಾತ್ರ ಆನ್ ಮಾಡಬೇಡಿ. ನೀರಿನ ಮೇಲಿನ ಬಿಸಿಲಿಗೆ ಮುಖ ಕತ್ತು ಎಲ್ಲ ಕರಿದ ಸಿಗಡಿಯ ಬಣ್ಣಕ್ಕೆ ತಿರುಗಿದೆ, ಕೂಲಿಂಗ್ ಗ್ಲಾಸ್ ಇದ್ದಲ್ಲಿ ಮಾತ್ರ ಎರಡು ಬಿಳಿ ವೃತ್ತ. ಅಂಥ ಜ್ವರ ಯಾವ ಡಾಕ್ಟರ ಪುಸ್ತಕದಲ್ಲೂ ಇಲ್ಲ.